ಡಿಕ್ಕಿಯಲ್ಲಿದ್ದ ಆಪದ್ಬಂಧು

ಪಶುಪತಿ ಕಾರಿನ ಡಿಕ್ಕಿ ತೆರೆದು ಪಕ್ಕಕ್ಕೆ ಸರಿದು ನಿಂತ. ಪರದೆ ಸರಿಸಿ ದೇವರ ದರ್ಶನ ಮಾಡಿಸುವ ಅರ್ಚಕರ ಮುಖದಲ್ಲೂ ಅಷ್ಟು ಹೆಮ್ಮೆ ಇರುವುದಿಲ್ಲ.

"ನೋಡಕ್ಕ," ಎಂದ. "ದೇಶದಲ್ಲೇ ಮೊದಲನೇದು."

ಅಂಬುಜಾಕ್ಷಿ ನೋಡಿದ್ದು ಕೈಗಡಿಯಾರವನ್ನು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್. ಹನ್ನೊಂದಕ್ಕೆ ಅಲ್ಲಿ ಗಾಳಿಗುಡ್ಡ ಬಡಾವಣೆಯ ಗೃಹನಿರ್ಮಾಣ ಸಂಘದ ವಾರ್ಷಿಕ ಸಭೆ. ಆ ಬಡಾವಣೆಯಲ್ಲೇ ಅವಳ ಮನೆ, ಮನೆಯ ಮುಂಭಾಗದಲ್ಲೇ ಅವಳ ಮೆಡಿಕಲ್ ಶಾಪು, ಅದರ ಎದುರಿಗೆ ನಕಾಶೆಯಲ್ಲಿ 'ಉದ್ಯಾನ' ಎಂದು ಬರೆದಿದ್ದ ಖಾಲಿ ಜಾಗ. ಇಡೀ ಬಡಾವಣೆಗೆ ಉಸಿರಾಡಲು ಇದ್ದದ್ದು ಅದೊಂದೇ. ಅದನ್ನು ಕಲ್ಯಾಣ ಮಂಟಪಕ್ಕೆಂದು ಮಾರಿಬಿಡುವ ಠರಾವು ಈ ದಿನ ಸಭೆಯ ಮುಂದೆ ಬರಲಿತ್ತು. ಈ ದಿನ ತಪ್ಪಿದರೆ ತಪ್ಪಿತು.

ಮೂರು ವರ್ಷದಿಂದ ಅವಳು ಇದನ್ನು ತಡೆಯುತ್ತ ಬಂದಿದ್ದಳು. ಅವಳು ದನಿ ಏರಿಸಿದಾಗಲೆಲ್ಲ ಅಧ್ಯಕ್ಷ ನಿರಂಜನಮೂರ್ತಿ ಮೈಕಿನಲ್ಲೇ ನಗುತ್ತಿದ್ದ. "ಮೇಡಂಗೆ ಬಿ.ಪಿ. ಜಾಸ್ತಿಯಾಗಿದೆ, ಯಾರಾದರೂ ನೀರು ಕೊಡಿ." ದಿನವಿಡೀ ಬಿ.ಪಿ. ಮಾತ್ರೆ ಮಾರುವವಳಿಗೆ ಈ ಮಾತು. ಸಭೆಯೂ ನಗುತ್ತಿತ್ತು. ಅವಳ ಕೋಪ ಸಂಘದಲ್ಲಿ ಒಂದು ಕಾಯಿಲೆಯಾಗಿ ದಾಖಲಾಗಿಹೋಗಿತ್ತು.

ಬೆಳಗಿನ ಮೊದಲ ಬಸ್ಸಿಗೇ ಅವಳು ಹಿರಿಯೂರಿಗೆ ಬಂದದ್ದು ಸೋದರತ್ತೆಯನ್ನು ಕರೆದೊಯ್ಯಲು. ಪದ್ದತ್ತೆಯ ಹೆಸರಿನಲ್ಲೂ ಅಲ್ಲೊಂದು ನಿವೇಶನವಿತ್ತು, ಅಂದರೆ ಒಂದು ವೋಟು. ಅತ್ತೆ ಇದ್ದದ್ದು ಅವಳ ತಮ್ಮ ಪಶುಪತಿಯ ಮನೆಯಲ್ಲಿ. ಪಶುಪತಿ ಊರಿನ ಮೋಟರುಗಳಿಗೆಲ್ಲ ರಿವೈಂಡಿಂಗ್ ಮಾಡಿಕೊಡುವವನು. ಕೆಲಸ ಮುಗಿದ ಮೇಲೆ ಯಾರೂ ಕೇಳದ ಯಂತ್ರಗಳನ್ನು ಕಟ್ಟುವವನು.

"ಆಪದ್ಬಂಧು ಅಂತ ಹೆಸರಿಟ್ಟಿದ್ದೀನಿ," ಎಂದ ಅವನು. ಡಿಕ್ಕಿಯ ತುಂಬ ಟ್ರಂಕಿನಂಥ ಪೆಟ್ಟಿಗೆ. ಕೆಳಗೆ ನಾಲ್ಕು ಚಕ್ರ, ಬದಿಯಲ್ಲಿ ಮಡಿಸಿಟ್ಟ ಎರಡು ಕೈ, ಮೇಲೆ ಗಾಜಿನ ಒಂದು ಕಣ್ಣು. "ಕಾರು ಕೆಟ್ಟು ನಡುದಾರಿಯಲ್ಲಿ ನಿಂತರೆ ಏನೇನು ಬೇಕೋ ಎಲ್ಲ ಇದರೊಳಗಿದೆ. ಹಗ್ಗ, ಟಾರ್ಚು, ಬ್ಯಾಟರಿಗೆ ಕೊಡೋ ವೈರು, ಗಾಳಿ ಪಂಪು, ಹತ್ತಿ, ಬ್ಯಾಂಡೇಜು, ಓ.ಆರ್.ಎಸ್., ಕಂಬಳಿ, ಗಾಳಿ ತುಂಬೋ ಡೇರೆ, ಹೊಗೆಡಬ್ಬಿ, ಕಡಲೆ ಚಿಕ್ಕಿ."

"ಸ್ಟೆಪ್ನಿ ಎಲ್ಲೋ?"

"ಜಾಗ ಸಾಲಲಿಲ್ಲ. ಮನೇಲಿಟ್ಟೆ."

ಅಂಬುಜಾಕ್ಷಿ ತಮ್ಮನ ಮುಖ ನೋಡಿದಳು. ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಮುಂದುವರಿಸಿದ.

"ಇದಕ್ಕೆ ಕಾಪಾಡು ಅಂತ ಕೂಗೋದೇ ಬೇಡ. ಹೃದಯ ಬಡಿದಾಗಲೆಲ್ಲ ಮುಖದ ಬಣ್ಣ ಒಂದು ಕೂದಲೆಳೆಯಷ್ಟು ಬದಲಾಗುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ಈ ಕಣ್ಣಿಗೆ ಕಾಣುತ್ತೆ. ಮುಖ ನೋಡೇ ನಾಡಿ ಎಣಿಸುತ್ತೆ. ಆಪತ್ತು ಅನ್ನಿಸ್ತೋ, ಬೇಕಾದ್ರೆ ಕಾರನ್ನೂ ನಿಲ್ಲಿಸಿ ತಾನೇ ಎದ್ದು ಬರುತ್ತೆ."

"ಈಗ ನೀನು ಎದ್ದು ಬಂದು ಗಾಡಿ ತೆಗಿ," ಎಂದಳು.

ಪದ್ದತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಅವರನ್ನು ಎಲ್ಲಿ ಕೂರಿಸಿದರೂ ಅಲ್ಲೇ ಹುಟ್ಟಿದವರ ಹಾಗೆ ಕೂರುತ್ತಾರೆ.

*

ಹೆದ್ದಾರಿಗೆ ಬಂದ ಮೇಲೂ ಪಶುಪತಿ ನಲವತ್ತರ ಮೇಲೆ ಹೋಗಲಿಲ್ಲ. ಹುಲ್ಲು ತುಂಬಿದ ಟ್ರ್ಯಾಕ್ಟರ್ ಒಂದು ಅವರನ್ನು ಹಿಂದೆ ಹಾಕಿ ಹೋಯಿತು.

"ಹಿಂದೆ ಭಾರ ಇದೆಯಕ್ಕ, ಅಲುಗಾಡಬಾರದು."

"ನಾನು ಸಭೆಗೆ ಹೊರಟಿದ್ದೀನೋ, ಪೆಟ್ಟಿಗೇನ ಗಾಳಿಸಂಚಾರಕ್ಕೆ ಕರ್ಕೊಂಡು ಹೊರಟಿದ್ದೀನೋ? ಆ ಮನುಷ್ಯ ಪಾರ್ಕನ್ನ ನುಂಗಿ ನೀರು ಕುಡಿಯೋ ಹೊತ್ತಿಗೆ ನಾವು ಐಮಂಗಲದಲ್ಲಿ ಎಳನೀರು ಕುಡೀತಿರ್ತೀವಿ."

ಹಿಂದಿನಿಂದ ಹೆಣ್ಣುದನಿಯೊಂದು, ರೈಲ್ವೆ ನಿಲ್ದಾಣದ ಪ್ರಕಟಣೆಯಂತೆ, ನುಡಿಯಿತು: "ಪ್ರಯಾಣಿಕರೊಬ್ಬರು ಆಪತ್ತಿನಲ್ಲಿದ್ದಾರೆ. ಗಾಬರಿಯಾಗಬೇಡಿ."

ಅವಳು ತಿರುಗುವಷ್ಟರಲ್ಲಿ ಸೀಟಿನ ಮೇಲಿಂದ ಎರಡು ಕೈ ಬಂದು ಬೆಳ್ಳಿಬಣ್ಣದ ಕಂಬಳಿಯನ್ನು ಅವಳ ಕತ್ತಿನಿಂದ ಕಾಲವರೆಗೆ ಸುತ್ತಿಬಿಟ್ಟವು. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಅಚ್ಚುಕಟ್ಟು.

"ಬಿಚ್ಚೋ ಇದನ್ನ!"

"ಆಪತ್ತು ಹೆಚ್ಚುತ್ತಿದೆ," ಎಂದಿತು ದನಿ. ಒಂದು ಕೈ ಅವಳ ಗಲ್ಲ ಹಿಡಿಯಿತು, ಇನ್ನೊಂದು ಓ.ಆರ್.ಎಸ್. ನೀರನ್ನು ಬಾಯಿಗೆ ಇಟ್ಟಿತು. ಬೈಯಲು ತೆರೆದ ಬಾಯಿ. ಅರ್ಧ ಲೋಟ ಒಳಗೆ ಹೋಯಿತು, ಅರ್ಧ ಇಸ್ತ್ರಿ ಮಾಡಿದ ಸೀರೆಯ ಮೇಲೆ.

"ಕೆಲಸ ಮಾಡ್ತಿದೆ," ಎಂದು ಪಶುಪತಿ ಕನ್ನಡಿಯಲ್ಲಿ ನೋಡಿ ಪಿಸುಗುಟ್ಟಿದ. ಅವನ ಕಣ್ಣು ತುಂಬಿತ್ತು.

ಪದ್ದತ್ತೆ ಹಿಂದಕ್ಕೆ ಕೈ ಚಾಚಿದರು. "ಚಿಕ್ಕಿ ಇದೆ ಅಂದೆಯಲ್ಲ, ನನಗೊಂದು ಕೊಡಿಸಪ್ಪ."

*

ಐಮಂಗಲ ದಾಟಿದ ಮೇಲೆ ಕಾರು ತಾನಾಗಿಯೇ ಬದಿಗೆ ಸರಿದು ನಿಂತಿತು. ಎಂಜಿನ್ ಆರಿತು. ಡಿಕ್ಕಿ ತೆರೆದುಕೊಂಡು ಪೆಟ್ಟಿಗೆ ಕೆಳಗಿಳಿಯಿತು, ಹಿಂದೆ ಹೋಗಿ ರಸ್ತೆಯಂಚಿನಲ್ಲಿ ಕೆಂಪು ತ್ರಿಕೋನ ಇಟ್ಟು ಬಂದು ಅಂಬುಜಾಕ್ಷಿಯ ಬಾಗಿಲ ಪಕ್ಕ ಕಾವಲು ನಿಂತಿತು. ಲಾರಿಯೊಂದು ನಿಂತು ಡ್ರೈವರ್ ಇಣುಕಿದ.

"ಏನಾಯ್ತು ಸಾರ್, ಹಾರ್ಟಾ?"

"ಇಲ್ಲಪ್ಪ, ಕೋಪ," ಎಂದರು ಪದ್ದತ್ತೆ.

ಅವನು ಕಂಬಳಿಯೊಳಗಿನ ಮುಖವನ್ನು ಒಂದು ಕ್ಷಣ ನೋಡಿ ಗೇರು ಹಾಕಿದ.

ಅಂಬುಜಾಕ್ಷಿ ಕಂಬಳಿ ಕಿತ್ತೊಗೆದು ಇಳಿದಳು, ದುರ್ಗದ ಬಸ್ಸಿಗೆ ಕೈ ತೋರಿದಳು. ಬಸ್ಸು ನಿಂತಿತು. ಅವಳು ಒಂದು ಕಾಲಿಟ್ಟಳು. ಹಿಂದಿನಿಂದ ಪೆಟ್ಟಿಗೆಯೂ ಮೆಟ್ಟಿಲು ಹಿಡಿದು ಏರತೊಡಗಿತು. "ರೋಗಿ ಗೊಂದಲದಲ್ಲಿದ್ದಾರೆ," ಎಂದು ಅದು ಬಸ್ಸಿಗೆಲ್ಲ ಕೇಳುವಂತೆ ಸಾರಿತು. ಕಂಡಕ್ಟರ್ ಕೈಮುಗಿದು, "ಮನೆಯವರನ್ನ ಕರ್ಕೊಂಡು ಬನ್ನಿ ಅಮ್ಮ," ಎಂದು ಸೀಟಿ ಊದಿದ.

ಅವಳು ರಸ್ತೆಯಂಚಿನಲ್ಲೇ ನಿಂತು ತಮ್ಮನನ್ನು ವಿಚಾರಣೆಗೆ ಎಳೆದಳು.

"ಇದನ್ನ ಆರಿಸು."

"ಆರಿಸೋ ಹಾಗಿಲ್ಲಕ್ಕ. ಆಪತ್ತಿನಲ್ಲಿ ಯಾರಾದ್ರೂ ಗಾಬರಿಯಿಂದ ಒತ್ತಿಬಿಟ್ರೆ ಅಂತ ಸ್ವಿಚ್ಚೇ ಇಟ್ಟಿಲ್ಲ."

"ನನ್ನ ನಾಡಿ ಎಷ್ಟಿದೆ ಅನ್ನುತ್ತೆ?"

"ತೊಂಬತ್ತೆಂಟು."

"ಕೋಪ ಬಂದವರಿಗೆ ಅಷ್ಟಿರುತ್ತೆ ಕಣೋ. ಅದು ಆರೋಗ್ಯ. ಇದು ಯಾವುದನ್ನ ಸರಿ ಅಂತ ಇಟ್ಕೊಂಡಿದೆ?"

ಪಶುಪತಿ ಚಪ್ಪಲಿಯಿಂದ ಜಲ್ಲಿಕಲ್ಲು ಕೆದಕಿದ. "ನಿನ್ನದನ್ನೇ ಅಳೆಯೋಣ ಅಂತ ಫೋನ್ ಮಾಡಿದ್ದೆ. ನೀನು ಪುರುಸೊತ್ತಿಲ್ಲ ಅಂತ ಇಟ್ಟುಬಿಟ್ಟೆ. ಆವತ್ತು ಅತ್ತೆ ಲಕ್ಷಬತ್ತಿ ಹರಕೆಗೆ ಹೂಬತ್ತಿ ಹೊಸೀತಾ ಕೂತಿದ್ರು. ಅವರದ್ದನ್ನೇ ತಗೊಂಡೆ."

"ಎಷ್ಟಿತ್ತು?"

"ಐವತ್ತಾರು."

"ಅದು ಮನುಷ್ಯರ ನಾಡಿಯಲ್ಲ, ಆಮೆಯದು."

"ನಿಮ್ಮಜ್ಜನದೂ ಅಷ್ಟೇ ಇತ್ತು," ಎಂದರು ಪದ್ದತ್ತೆ ಚಿಕ್ಕಿ ಕಡಿಯುತ್ತ.

"ಮತ್ತೆ ನಿನಗ್ಯಾಕೆ ಕಂಬಳಿ ಸುತ್ತಲಿಲ್ಲ ಇದು?" ಎಂದಳು ತಮ್ಮನಿಗೆ.

"ಡ್ರೈವರನ್ನ ಲೆಕ್ಕಕ್ಕೆ ಹಿಡಿಯಲ್ಲ. ಹಿಡಿದರೆ ಕಾರು ಮನೆಯಿಂದ ಹೊರಡೋದೇ ಇಲ್ಲ." ಅವನು ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯತ್ತ ಬಗ್ಗಿದ. ಅದು ಅವನ ಕೈಗೆ ಪಟ್ಟೆಂದು ಹೊಡೆದು, "ರೋಗಿಯಿಂದ ದೂರವಿರಿ," ಎಂದಿತು.

ಅಂಬುಜಾಕ್ಷಿಗೆ ಅಳು ಬರುವಷ್ಟು ಸಿಟ್ಟು ಬಂತು. ಒಬ್ಬ ಅಧ್ಯಕ್ಷನಾಯಿತು, ಈಗ ಒಂದು ಟ್ರಂಕು. ಅನ್ಯಾಯ ಕಂಡು ಮೈ ಉರಿದವರನ್ನೆಲ್ಲ ಮಲಗಿಸಿ ನೀರು ಕುಡಿಸುವುದೇ ಲೋಕದ ದಸ್ತೂರು ಎಂದಾದರೆ, ಇದನ್ನು ಯಾರಿಗೆ ದೂರುವುದು?

ಪದ್ದತ್ತೆ ಕಾರಿನಿಂದ ಇಳಿದು, ಪೆಟ್ಟಿಗೆಯಿಂದ ಹತ್ತಿಯ ಉಂಡೆ ತೆಗೆದು ಅವಳ ಕೈಗಿಟ್ಟರು. ಪೆಟ್ಟಿಗೆ ಅವರನ್ನು ತಡೆಯಲಿಲ್ಲ. ಅದರ ಪಾಲಿಗೆ ಜಗತ್ತಿನಲ್ಲಿ ನೆಟ್ಟಗಿದ್ದವರು ಅವರೊಬ್ಬರೇ.

"ಕೂತ್ಕೋ. ಬತ್ತಿ ಹೊಸಿ."

"ಅತ್ತೆ, ನಾನು ಕೋಪ ಬಿಟ್ಟು ಅಲ್ಲಿಗೆ ಹೋಗಿ ಏನು ಮಾಡಲಿ?"

"ಬಿಡು ಅಂತ ಯಾರಂದ್ರು? ಬತ್ತಿ ಹೊಸೆಯೋ ಹೊತ್ತಿನಲ್ಲಿ ಯಾರೂ ದೀಪ ಹಚ್ಚಲ್ಲಮ್ಮ. ಹೊಸೆದಿಟ್ಟುಕೊಳ್ತಾರೆ, ಅಷ್ಟೆ."

ಲಾರಿಗಳು ಗಾಳಿ ಬಡಿದುಕೊಂಡು ಹೋಗುತ್ತಿದ್ದ ಹೆದ್ದಾರಿಯ ಬದಿಯಲ್ಲಿ ಕುಳಿತು ಅಂಬುಜಾಕ್ಷಿ ಬತ್ತಿ ಹೊಸೆದಳು. ಮೊದಲನೆಯದನ್ನು ನಿರಂಜನಮೂರ್ತಿಯ ಕತ್ತೆಂದು ಹೊಸೆದಳು, ಎರಡನೆಯದನ್ನೂ. ನಾಡಿ ಇಳಿಯಲಿಲ್ಲ. ಆಮೇಲೆ ಸಭೆಯಲ್ಲಿ ಆಡಬೇಕಾದ ಮಾತುಗಳನ್ನು ಒಂದೊಂದು ಬತ್ತಿಗೆ ಒಂದೊಂದರಂತೆ ಜೋಡಿಸತೊಡಗಿದಳು. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ದಾಖಲೆಯಿದೆ, ಯಾವುದು ಬರೀ ಬೈಗುಳ. ಬೈಗುಳದ ಬತ್ತಿಗಳನ್ನು ಪಕ್ಕಕ್ಕಿಟ್ಟಳು. ಅವೇ ಹೆಚ್ಚಾಗಿದ್ದವು.

ಎಂಜಿನ್ ಗುರ್ರೆಂದಿತು. "ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ," ಎಂದಿತು ಪೆಟ್ಟಿಗೆ. "ಪೂರ್ತಿ ಗುಣವಾಗುವವರೆಗೆ ಜೊತೆಯಲ್ಲಿರುತ್ತೇನೆ."

*

ಅವರು ಸಮುದಾಯ ಭವನ ಹೊಕ್ಕಾಗ ನಿರಂಜನಮೂರ್ತಿ ಠರಾವನ್ನೇ ಓದುತ್ತಿದ್ದ. "ಯಾರೂ ಕಾಲಿಡದ, ಯಾವ ಉಪಯೋಗಕ್ಕೂ ಬಾರದ ಸದರಿ ಜಾಗವನ್ನು..."

"ಆಕ್ಷೇಪಣೆ ಇದೆ," ಎಂದಳು ಅಂಬುಜಾಕ್ಷಿ.

ಅಧ್ಯಕ್ಷ ಕನ್ನಡಕದ ಮೇಲಿಂದ ನೋಡಿದ. "ಬಂದ್ರಾ ಮೇಡಂ? ಯಾರಾದರೂ ನೀರು ಕೊಡ್ರಪ್ಪ."

ಹೇಳಿ ಮುಗಿಸುವುದರೊಳಗೆ ಪೆಟ್ಟಿಗೆ ಅವಳ ಹಿಂದಿನಿಂದ ಉರುಳಿ ಬಂದು ಲೋಟ ನೀಡಿತು. ಸಭೆ ಬಿದ್ದು ಬಿದ್ದು ನಕ್ಕಿತು. ಕಿವಿಯವರೆಗೂ ಬಿಸಿಯೇರಿದ್ದು ಅವಳಿಗೇ ಗೊತ್ತಾಯಿತು. ಆದರೆ ಈ ಸಲ ಕೂಗಲಿಲ್ಲ. ಲೋಟ ತೆಗೆದುಕೊಂಡಳು, ಕುಡಿದಳು, ಖಾಲಿ ಲೋಟವನ್ನು ಅಧ್ಯಕ್ಷನ ಮೇಜಿನ ಮೇಲಿಟ್ಟಳು.

"ನೀರಾಯಿತು. ಈಗ ಪ್ರಶ್ನೆ. ಜಾಗ ಕೊಳ್ಳುತ್ತಿರುವ ಕಂಪನಿಯ ಮಾಲೀಕರು ನಿಮ್ಮ ಹೆಂಡತಿಯ ತಮ್ಮ ಹೌದೋ ಅಲ್ಲವೋ?"

ನಗು ನಿಂತಿತು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಸಂಘ ಕಂಡಿರಲಿಲ್ಲ. ಮೂರು ವರ್ಷ ಅವರು ಅವಳ ದನಿ ಕೇಳಿದ್ದರು. ಮಾತು ಕೇಳುತ್ತಿದ್ದುದು ಇದೇ ಮೊದಲು.

"ಅದು... ವ್ಯವಹಾರ ಬೇರೆ, ಸಂಬಂಧ ಬೇರೆ," ಎಂದ ನಿರಂಜನಮೂರ್ತಿ.

ಮುಂದಿನ ಸಾಲಿನಲ್ಲಿ ಯಾರೋ "ಏನ್ರೀ ಇದು?" ಎಂದು ಎದ್ದರು. ಪೆಟ್ಟಿಗೆಯ ಕಣ್ಣು ಅತ್ತ ತಿರುಗಿತು. "ಇನ್ನೊಬ್ಬರು ಆಪತ್ತಿನಲ್ಲಿದ್ದಾರೆ."

ಪಶುಪತಿ ಬೆವರುತ್ತ ಅಕ್ಕನ ಹತ್ತಿರ ಬಂದ. "ಸಾಕು ಮಾಡಕ್ಕ. ತುಂಬಾ ಜನಕ್ಕೆ ಹೀಗಾದ್ರೆ ಇದು ಕಟ್ಟಡಕ್ಕೇ ಅಪಾಯ ಅಂತ ತಿಳ್ಕೊಳ್ಳುತ್ತೆ."

"ತಿಳ್ಕೊಂಡು?"

"ಎಲ್ಲರನ್ನೂ ಹೊರಗೆ ಹಾಕುತ್ತೆ. ಹತ್ತಿರದ ಬಯಲಿಗೆ."

ಅಂಬುಜಾಕ್ಷಿ ಕಿಟಕಿಯಾಚೆ ನೋಡಿದಳು. ಆ ಬಡಾವಣೆಯಲ್ಲಿ ಬಯಲು ಅಂತ ಇದ್ದದ್ದು ಒಂದೇ.

"ಎರಡನೇ ಪ್ರಶ್ನೆ," ಎಂದಳು ಇನ್ನೂ ಮೆಲ್ಲಗೆ. "ಕಲ್ಯಾಣ ಮಂಟಪದ ಬೋರ್‌ವೆಲ್ ಕೊರೆದರೆ ನಮ್ಮ ಓವರ್‌ಹೆಡ್ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತೆ ಅಂತ ಸದಸ್ಯರಿಗೆ ಹೇಳಿದ್ದೀರಾ?"

ಬೇಸಿಗೆಯಿಡೀ ಟ್ಯಾಂಕರ್ ಕಾದು ಬಿಂದಿಗೆ ಹಿಡಿದು ನಿಂತ ಜನ ಅವರು. ಅರ್ಧ ಸಭೆ ಎದ್ದು ನಿಂತಿತು. "ಆಪತ್ತು, ಆಪತ್ತು, ಆಪತ್ತು," ಎಂದು ಎಣಿಸುತ್ತ ಹೋದ ಪೆಟ್ಟಿಗೆ ಎಣಿಕೆ ಕೈಬಿಟ್ಟು ಸೈರನ್ ಹಾಕಿತು, ಹೊಗೆಡಬ್ಬಿ ಸಿಡಿಸಿತು. ಭವನದ ತುಂಬ ಕಿತ್ತಳೆ ಬಣ್ಣದ ಹೊಗೆ. ಬಾಗಿಲಲ್ಲಿ ನಿಂತು ಅದು ಒಬ್ಬೊಬ್ಬರಿಗೂ ಹಗ್ಗದ ತುದಿ ಕೊಟ್ಟು ಸಾಲಾಗಿ ನಡೆಸಿತು. ಕುರ್ಚಿ ಬಿಡಲೊಪ್ಪದ ನಿರಂಜನಮೂರ್ತಿಯನ್ನು ಕುರ್ಚಿಸಮೇತ ಎತ್ತಿ ತಂದಿತು.

*

ರಸ್ತೆಯಾಚೆಯ ಬಯಲಿನಲ್ಲಿ ಡೇರೆ ಉಬ್ಬಿ ನಿಂತಿತು. ಮುದುಕರು ನೆರಳಿಗೆ ಕುಳಿತರು, ಹೆಂಗಸರು ಚಿಕ್ಕಿ ಮುರಿದು ಹಂಚಿಕೊಂಡರು. ಎಲ್ಲರೂ ನಾಡಿ ಇಳಿಯುವವರೆಗೆ ಅಲ್ಲೇ ಇರಬೇಕೆಂದು ಪೆಟ್ಟಿಗೆ ಸುತ್ತ ಹಗ್ಗ ಕಟ್ಟಿತು.

"ಸಭೆ ಮುಂದುವರಿಯಲಿ," ಎಂದಳು ಅಂಬುಜಾಕ್ಷಿ. "ಠರಾವನ್ನ ಮೊದಲಿಂದ ಓದಿ."

ಬೆಳ್ಳಿ ಕಂಬಳಿಯಲ್ಲಿ ಸುತ್ತಿಸಿಕೊಂಡ ಅಧ್ಯಕ್ಷ ಸುತ್ತ ನೋಡಿದ. ಇಡೀ ಸಂಘ ಆ ಜಾಗದಲ್ಲಿ ಕಾಲು ಚಾಚಿ ಕುಳಿತಿತ್ತು. "ಯಾರೂ ಕಾಲಿಡದ..." ಎಂದು ಆರಂಭಿಸಿದ. ಅಲ್ಲಿಗೇ ನಿಲ್ಲಿಸಿ ಕೆಮ್ಮತೊಡಗಿದ. ಪೆಟ್ಟಿಗೆ ನೀರು ಕೊಟ್ಟಿತು.

ಕೈ ಎತ್ತಿಸಿದಾಗ ಠರಾವಿನ ಪರವಾಗಿ ಒಂದೂ ಏಳಲಿಲ್ಲ. ಅವನ ಕೈಯೇ ಕಂಬಳಿಯೊಳಗಿತ್ತು. ವಿರುದ್ಧ ಎದ್ದ ಕೈಗಳಲ್ಲಿ ಪದ್ದತ್ತೆಯದು ಮೊದಲನೆಯದು.

ಠರಾವು ಬಿದ್ದ ಮೇಲೆ ಜನರ ಸಿಟ್ಟು ಇಳಿಯಿತು, ಪೆಟ್ಟಿಗೆ ಒಬ್ಬೊಬ್ಬರನ್ನೇ ಹಗ್ಗ ಎತ್ತಿ ಬಿಟ್ಟಿತು. ಪದ್ದತ್ತೆಯಿಂದ ಒಂದೊಂದು ಹಿಡಿ ಹತ್ತಿ ಇಸಿದುಕೊಂಡು ಬತ್ತಿ ಹೊಸೆದವರು ಬೇಗ ಹೋದರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಉಳಿದವನು ನಿರಂಜನಮೂರ್ತಿ ಒಬ್ಬನೇ. ಹತ್ತಿ ಮುಟ್ಟಲೊಪ್ಪದೆ ಅವನು ಕೂಗಾಡುತ್ತಿದ್ದ. ಕೂಗಿದಷ್ಟೂ ಪೆಟ್ಟಿಗೆ ಮತ್ತೊಂದು ಕಂಬಳಿ ಹೊದಿಸುತ್ತಿತ್ತು.

ಅಂಬುಜಾಕ್ಷಿಯ ಅಡುಗೆಮನೆಯ ಕಿಟಕಿಯಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ನಾಡಿ ಇಳಿದು ಪೆಟ್ಟಿಗೆ ಬಿಟ್ಟಿದ್ದರೂ ಅವಳ ಕೋಪ ಪೂರ್ತಿ ಇಳಿದಿರಲಿಲ್ಲ. ಇಳಿಸುವ ಅವಸರವೂ ಅವಳಿಗಿರಲಿಲ್ಲ. ತಟ್ಟೆ ಹಾಕಿದಳು.

ಪಶುಪತಿ ಬಾಗಿಲಲ್ಲಿ ನಿಂತಿದ್ದ. "ಅಕ್ಕ, ಹಿಂದುಗಡೆಯಿಂದ ಹೋದರೆ ಪೆಟ್ಟಿಗೆಯ ಒಂದು ವೈರು ಕೈಗೆ ಸಿಗುತ್ತೆ ಅನ್ನಿಸುತ್ತೆ. ಕಿತ್ತುಬಿಡಲಾ?"

"ಮೊದಲು ಊಟ ಮಾಡು," ಎಂದಳು ಅಂಬುಜಾಕ್ಷಿ. "ಸಾರಿಗೆ ಈಗಿನ್ನೂ ಬೇಳೆ ಬೇಯಲು ಇಟ್ಟಿದ್ದೀನಿ."