ಪಿಕಪ್ಪಿಗೆ ತೊಡಿಸಿದ ಕಬ್ಬಿಣದ ಒಡವೆ

ಗಿಡದಮ್ಮ ಕೇಳಿದ್ದು ಒಂದೇ ಒಂದು ಸರಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ನಡೆದ ಅನಾಹುತಕ್ಕೆಲ್ಲ ಅವರ ಗಂಡ ಇವತ್ತಿಗೂ "ಕೇಳಿದ್ದು ಅವಳೇ ತಾನೆ" ಅಂತ ಷರಾ ಬರೆಯುತ್ತಾರೆ. ಪಿಕಪ್ಪಿನ ಹಿಂದೆ ಹೂಕುಂಡ ಇಟ್ಟುಕೊಂಡು ಹೊರಟರೆ ಪ್ರತಿ ತಿರುವಿನಲ್ಲೂ ಒಂದೆರಡು ಉರುಳುತ್ತಿದ್ದವು. "ರೀ, ಅಡ್ಡಕ್ಕೊಂದು ಕಬ್ಬಿಣದ ಸರಳು ಹಾಕಿಸಿ, ಸಾಕು," ಅಂದರು ಆಕೆ. ಹೆಂಡತಿ ಕುಡಿಯೋಕೆ ನೀರು ಕೇಳಿದರೆ ಬಾವಿ ತೋಡಲು ಹೊರಡುವ ಗಂಡಸರಿದ್ದಾರೆ ನೋಡಿ, ಇವರು ಆ ಪಂಗಡದವರು.

ಬೀದಿಯವರೆಲ್ಲ ಇವರನ್ನು ಕರೆಯುವುದು ಮೀಟರ್ ಮಾವ ಅಂತ. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ನಿವೃತ್ತರಾದವರು. ಈಗ ಹೆಂಡತಿಯ ನರ್ಸರಿಗೆ ಡ್ರೈವರ್ (ಇದು ಹೆಂಡತಿಯ ಮಾತು, ಅವರ ಮಾತಿನಲ್ಲಿ 'ಸಾಗಾಣಿಕೆ ವಿಭಾಗದ ಮುಖ್ಯಸ್ಥ'). ಅಷ್ಟು ವರ್ಷ ಅಂಕಿ ನೋಡಿ ನೋಡಿ ಮಾವನಿಗೆ ಒಂದು ನಂಬಿಕೆ ಗಟ್ಟಿಯಾಗಿತ್ತು. ಲೋಕದಲ್ಲಿ ಯಾರ ಅಳತೆಯಾದರೂ ತಪ್ಪಬಹುದು, ತಮ್ಮದು ತಪ್ಪುವುದಿಲ್ಲ. ಸೊಂಟಕ್ಕೆ ಸದಾ ಒಂದು ಟೇಪು. ಮನೆಯ ಕಿಟಕಿಗಳ ಅಗಲದಿಂದ ಹಿಡಿದು ಅತ್ತೆಯ ಊರುಗೋಲಿನ ಉದ್ದದವರೆಗೆ ಎಲ್ಲವೂ ಅವರ ನಾಲಿಗೆಯ ತುದಿಯಲ್ಲೇ ಇತ್ತು, ಮದುವೆಯಾದ ತಾರೀಖು ಒಂದು ಬಿಟ್ಟು.

ಸರಳು ಹಾಕಿಸಲು ಮಾವ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ಹೋದರು. ಅಂಗಡಿಯ ಕಿಡಿ ಮೇಸ್ತ್ರಿಗೆ ಕಿಡಿ ಕೆಲಸದಲ್ಲಿ ಎಷ್ಟಿತ್ತೋ ಮಾತಿನಲ್ಲೂ ಅಷ್ಟೇ ಇತ್ತು. "ಅರ್ಧ ಗಂಟೆ ಕೆಲಸ ಮಾವ. ಗಾಡಿ ತಂದು ನಿಲ್ಲಿಸಿ, ನೀವು ಟೀ ಕುಡಿಯೋದ್ರೊಳಗೆ ಹಾಕ್ಕೊಡ್ತೀನಿ," ಅಂದ. ಅರ್ಧ ಗಂಟೆ ಅಂದ ಕೂಡಲೇ ಮಾವನಿಗೆ ಆ ಸರಳಿನ ಮೇಲಿದ್ದ ಗೌರವವೇ ಹೊರಟುಹೋಯಿತು. ಅದೇ ಹೊತ್ತಿಗೆ ಅಂಗಡಿಯ ಮುಂದೆ ಯಾರದೋ ಪಿಕಪ್ಪು ಸರ್ವಾಲಂಕಾರಭೂಷಿತವಾಗಿ ನಿಂತಿತ್ತು. ಮುಂದೆ ಗಾರ್ಡು, ಪಕ್ಕಕ್ಕೆ ಮೆಟ್ಟಿಲು, ಹಿಂದೆ ಆಳೆತ್ತರದ ಕ್ಯಾರಿಯರ್. ಮಾವ ಅದಕ್ಕೆ ಎರಡು ಸುತ್ತು ಬಂದರು. ಮನೆಗೆ ವಾಪಸ್ಸಾದಾಗ ಅವರ ಹತ್ತಿರ ಸರಳಿರಲಿಲ್ಲ, ಬಾಡಿಗೆಗೆ ತಂದ ವೆಲ್ಡಿಂಗ್ ಮೆಷಿನ್ ಇತ್ತು.

"ಸರಳೆಲ್ರೀ?" ಅಂದರು ಗಿಡದಮ್ಮ.

"ಬರೀ ಒಂದು ಸರಳು ಹಾಕಿದ್ರೆ ಗಾಡಿಗೇನು ಮರ್ಯಾದೆ? ಎರಡಂತಸ್ತಿನ ಕ್ಯಾರಿಯರ್ ಮಾಡ್ತೀನಿ. ಕೆಳಗೆ ಮೂವತ್ತು ಕುಂಡ, ಮೇಲೆ ಮೂವತ್ತು."

"ಯಾರು ಮಾಡೋದು?"

"ಯಾರು ಅಂದ್ರೆ? ನಾನೇ."

"ನಿಮಗೆ ವೆಲ್ಡಿಂಗ್ ಬರುತ್ತಾ?"

"ವಿಡಿಯೋ ಇದೆ."

ಗುಲಾಬಿಯ ಒಣಕಡ್ಡಿ ಕತ್ತರಿಸುತ್ತಿದ್ದ ಗಿಡದಮ್ಮ ಒಂದು ಮೊಗ್ಗಿದ್ದ ರೆಂಬೆಯನ್ನೇ ಕತ್ತರಿಸಿಬಿಟ್ಟರು.

ಅವತ್ತಿನಿಂದ ಪಿಕಪ್ಪು ಶೆಡ್ಡು ಸೇರಿತು. ಮೊದಲ ವಾರ ಎರಡು ತುಂಡು ಕಬ್ಬಿಣ ಒಂದಕ್ಕೊಂದು ಅಂಟಲೇ ಇಲ್ಲ. ಎರಡನೇ ವಾರ ಅಂಟಬಾರದ್ದೆಲ್ಲ ಅಂಟಿಕೊಂಡಿತು (ಹೆಂಡತಿಯ ಸಲಿಕೆ ಇವತ್ತಿಗೂ ಶೆಡ್ಡಿನ ಕಂಬಕ್ಕೇ ಇದೆ). ಮೂರನೇ ವಾರ ಮಾವನ ಕೈ ಪಳಗಿತು, ಅಲ್ಲಿಗೆ ಗಾಡಿಯ ಗ್ರಹಚಾರ ಶುರುವಾಯಿತು. ಮುಂದಕ್ಕೊಂದು ಗಾರ್ಡು ಬಂತು, ಎದುರಿಗೆ ಆನೆ ಬಂದರೂ ಆನೆಗೇ ಪೆಟ್ಟಾಗುವಂಥದ್ದು. ಎರಡು ಪಕ್ಕಕ್ಕೆ ಮೆಟ್ಟಿಲು ಬಂತು. ನೀರಿನ ಕ್ಯಾನಿಗೊಂದು ಪಂಜರ, ಪಂಜರಕ್ಕೊಂದು ಬಾಗಿಲು, ಬಾಗಿಲಿಗೊಂದು ಬೀಗ. "ಮೂವತ್ತು ವರ್ಷದಲ್ಲಿ ನನಗೊಂದು ಓಲೆ ಮಾಡಿಸಲಿಲ್ಲ, ಗಾಡಿಗೆ ಕೊರಳಿಗೆ ಬೇರೆ, ಕಾಲಿಗೆ ಬೇರೆ," ಅಂತ ಗಿಡದಮ್ಮ ಗೊಣಗುತ್ತಾ ಸಣ್ಣಪುಟ್ಟ ಗಿಡಗಳನ್ನು ಸ್ಕೂಟರಿನಲ್ಲೇ ಸಾಗಿಸಿದರು.

ಗೊಣಗಿ ಸುಮ್ಮನಾಗುವ ಪರಿಸ್ಥಿತಿ ಆಕೆಯದಲ್ಲ. ಜೀವವೆಲ್ಲ ಒಂದು ತಾರೀಖಿನ ಮೇಲೆ ನಿಂತಿತ್ತು. ದೊಡ್ಡ ರಸ್ತೆಯಲ್ಲಿ ಹೊಸ ಗ್ರಂಥಾಲಯ ತೆರೆಯುವುದಿತ್ತು, ಅಲ್ಲಿಗೆ ಅರವತ್ತು ಕುಂಡ ಬೇಕಿತ್ತು. ಸರಿಯಾಗಿ ತಲುಪಿಸಿದರೆ ಇಡೀ ವರ್ಷ ಗಿಡ ಒದಗಿಸಿ ನೋಡಿಕೊಳ್ಳುವ ಒಪ್ಪಂದ. ಎಂಟು ತಿಂಗಳು ಅಲ್ಲಿಗೆ ಅಲೆದು ಆಕೆಯ ಎರಡು ಜೊತೆ ಚಪ್ಪಲಿ ಸವೆದಿದ್ದವು. ಅಲ್ಲಿಯ ಗ್ರಂಥಪಾಲಕಿಯೋ, ಹೊತ್ತಿನ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಕಾಲು ಗಂಟೆ ತಡವಾಗಿ ಬಂದ ಇನ್ನೊಂದು ನರ್ಸರಿಯವರನ್ನು ಗೇಟಿನಿಂದಲೇ ವಾಪಸ್ ಕಳಿಸಿದವರು. "ಬುಧವಾರ ಬೆಳಿಗ್ಗೆ ಹತ್ತರೊಳಗೆ," ಅಂದಿದ್ದರು.

ಕ್ಯಾರಿಯರ್ ಎದ್ದದ್ದು ಆ ಬುಧವಾರಕ್ಕೆ ಮುಂಚಿನ ವಾರ. ಪಿಕಪ್ಪಿನ ತೊಟ್ಟಿಯಲ್ಲಿ ಆಗ ನಲವತ್ತು ಮೂಟೆ ಗೊಬ್ಬರದ ಮಣ್ಣಿತ್ತು. ಮೂಟೆ ಇಳಿಸಿ ಅಂತ ಹೇಳಿ ಹೇಳಿ ಗಿಡದಮ್ಮನ ಬಾಯಿ ಒಣಗಿತು.

"ಇಳಿಸಬಾರದು ಕಣೇ. ಭಾರ ಇದ್ರೆ ಗಾಡಿ ಅಲುಗಾಡಲ್ಲ, ಅಳತೆ ಕೂದಲೆಳೆಯಷ್ಟೂ ತಪ್ಪಲ್ಲ. ಇದಕ್ಕೆ ವಿಜ್ಞಾನ ಅಂತಾರೆ," ಅಂದರು ಮಾವ. (ನಮ್ಮ ಕಡೆಯಿಂದ ಒಂದು ಮಾತು: ಇದಕ್ಕೆ ಸೊಂಟನೋವು ಅಂತಲೂ ಅನ್ನುತ್ತಾರೆ.)

ಹೀಗೆ ಮೂಟೆ ತುಂಬಿದ ಗಾಡಿಯ ನಾಲ್ಕು ಮೂಲೆಗೆ ನಾಲ್ಕು ಕಾಲು ನಿಂತವು, ಕಾಲುಗಳ ಮೇಲೆ ಎರಡಂತಸ್ತು ಎದ್ದಿತು. ಮಾವ ಏಣಿ ಹತ್ತಿ ಕ್ಯಾರಿಯರಿನ ತುದಿಗೂ ಶೆಡ್ಡಿನ ಬಾಗಿಲಿನ ತೊಲೆಗೂ ನಡುವೆ ಟೇಪು ಹಿಡಿದರು. ಎರಡು ಬೆರಳಿನ ಜಾಗ ಉಳಿದಿತ್ತು. "ನೋಡು, ಬೇರೆಯವರಾಗಿದ್ರೆ ಒಂದು ಅಡಿ ವ್ಯರ್ಥ ಮಾಡ್ತಿದ್ರು," ಅಂತ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಬುಧವಾರ ಬೆಳಿಗ್ಗೆ ಏಳಕ್ಕೆಲ್ಲ ಅಂಗಳದಲ್ಲಿ ಅರವತ್ತು ಕುಂಡಗಳು ಸ್ನಾನ ಮುಗಿಸಿ ಸಾಲಾಗಿ ನಿಂತಿದ್ದವು. ಈಗ ಮೂಟೆ ಇಳಿಸದೆ ಗತಿಯಿರಲಿಲ್ಲ. ಗಂಡ ಹೆಂಡತಿ ಸೇರಿ ಇಳಿಸಿದರು (ಹೆಂಡತಿ ಮೂವತ್ತಾರು, ಗಂಡ ನಾಲ್ಕು ಮತ್ತು ಲೆಕ್ಕ). ಒಂದೊಂದು ಮೂಟೆ ಇಳಿದಂತೆ ಪಿಕಪ್ಪು ಒಂದೊಂದಿಷ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಟೇಪಿನವರು ಅದನ್ನು ಗಮನಿಸಲಿಲ್ಲ. ಗಾಡಿ ಹತ್ತಿ, ಗತ್ತಿನಿಂದ ಹಾರ್ನ್ ಬಾರಿಸಿ, ರಿವರ್ಸ್ ಹಾಕಿ ಆಕ್ಸಿಲರೇಟರ್ ಒತ್ತಿದರು.

ಖಡ್ ಅಂತ ಶಬ್ದ ಬಂತು. ಕ್ಯಾರಿಯರಿನ ಮೇಲಂತಸ್ತು ಬಾಗಿಲಿನ ತೊಲೆಗೆ ಹೋಗಿ ಕಚ್ಚಿಕೊಂಡಿತು. ಗಾಡಿ ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು.

ಮಾವ ಇಳಿದು ಬಂದು ಅಳೆದರು. ಕ್ಯಾರಿಯರ್ ಅಷ್ಟೇ ಇತ್ತು, ಬಾಗಿಲೂ ಅಷ್ಟೇ ಇತ್ತು. ಇನ್ನೊಮ್ಮೆ ಅಳೆದು ಗಂಭೀರವಾಗಿ ತೀರ್ಪು ಕೊಟ್ಟರು. "ಶೆಡ್ಡು ಕುಸೀತಾ ಇದೆ ಕಣೇ. ಪಾಯ ಸರಿಯಿಲ್ಲ."

"ಪಾಯ ಅಲ್ರೀ. ನಲವತ್ತು ಮೂಟೆ ಇಳಿಸಿದ್ದೀವಿ. ಅಷ್ಟು ದಿನ ತಗ್ಗಿದ್ದ ಸ್ಪ್ರಿಂಗ್ ಮೇಲೆದ್ದಿದೆ."

ಮಾವ ಸ್ಪ್ರಿಂಗನ್ನು ನೋಡಿದರು. ಮನೆಯವರೇ ಬೆನ್ನಿಗೆ ಚೂರಿ ಹಾಕಿದಂತಾಯಿತು ಅವರಿಗೆ. ಆದರೆ ಸೋತೆ ಅನ್ನುವ ಪೈಕಿಯಲ್ಲವಲ್ಲ. ಭಾರ ಹಾಕಿದರೆ ತಾನೇ ಇಳಿಯುತ್ತದೆ ಅಂತ, ತೊಲೆಗೆ ತಾಗಿ ಮುರಿಯುವ ಗಿಡಗಳನ್ನು ಬಿಟ್ಟು ಭಾರವಾದದ್ದು ಬೇರೇನಿದೆ ಎಂದು ಸುತ್ತ ಕಣ್ಣಾಡಿಸಿದರು. ಜಗಲಿಯ ಮೇಲೆ ಅತ್ತೆ ಕೂತಿದ್ದರು, ಗಿಡದಮ್ಮನ ತಾಯಿ, ಮೈಕೈ ತುಂಬಿಕೊಂಡ ಹಿರಿಯ ಜೀವ. ನೀವು ಭಾರ ಇದ್ದೀರಿ ಅಂತ ಅಳಿಯನಾದವನು ಬಾಯಿಬಿಟ್ಟು ಹೇಳುವುದು ಹೇಗೆ?

"ಅತ್ತೆಮ್ಮ, ಹಾಗೇ ಒಂದು ರೌಂಡ್ ಹೋಗಿ ಬರೋಣ್ವಾ ಗಾಡಿಲಿ?"

ಮೂವತ್ತು ವರ್ಷದಲ್ಲಿ ಅಳಿಯ ಎಲ್ಲಿಗಾದರೂ ಕರೆದದ್ದು ಇದೇ ಮೊದಲು. ಅತ್ತೆ ಒಳಗೆ ಹೋಗಿ ತಲೆ ಬಾಚಿ, ಬೇರೆ ಬಟ್ಟೆ ಉಟ್ಟು, ಪರ್ಸ್ ಹಿಡಿದು ಬರಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ತೊಟ್ಟಿಯಲ್ಲಿ ಕುರ್ಚಿ ಹಾಕಿ ಕೂರಿಸಿದಾಗ ಗಾಡಿ ಒಂದು ಕಾಳಿನಷ್ಟು ಇಳಿಯಿತು. ಅಷ್ಟೇ.

"ಇನ್ನೊಂದಿಷ್ಟು ಬೇಕು," ಅಂದರು ಮಾವ.

"ಏನು ಬೇಕು?" ಅಂದರು ಅತ್ತೆ.

"ಏನಿಲ್ಲ, ಸಮಯ."

ಗಿಡದಮ್ಮ ಗಡಿಯಾರ ನೋಡಿದರು. ಎಂಟು ಮುಕ್ಕಾಲಾಗಿತ್ತು. ಮೂಟೆಗಳನ್ನೆಲ್ಲ ಮತ್ತೆ ಏರಿಸಿ, ಹೊರಗೆ ತಂದು, ಮತ್ತೆ ಇಳಿಸೋಣ ಅಂತ ಮಾವ ಸೊಂಟ ಹಿಡಿದುಕೊಂಡು ಸಲಹೆ ಕೊಡುತ್ತಿದ್ದರು. "ಎಂಟು ತಿಂಗಳು ಕಣ್ರೀ," ಅಂದರು ಆಕೆ. ಅಷ್ಟು ಹೇಳುವುದರೊಳಗೆ ಕಣ್ಣು ತುಂಬಿತು. ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು, ಬೈಗುಳ ಅವರಿಗೆ ರೂಢಿ. ಈ ಕಣ್ಣೀರಿಗೆ ಅವರ ಟೇಪಿನಲ್ಲಿ ಅಳತೆ ಇರಲಿಲ್ಲ. ಆಕೆ ಕಣ್ಣೊರೆಸಿಕೊಂಡು ಕಿಡಿ ಮೇಸ್ತ್ರಿಗೆ ಫೋನ್ ಮಾಡಿದರು.

ಮೇಸ್ತ್ರಿ ಕಟಿಂಗ್ ಮೆಷಿನ್ ಹಿಡಿದು ಬಂದ. ಗಾಡಿಗೆ ಒಂದು ಸುತ್ತು ಬಂದು, ಮಾವನ ಬೆಸುಗೆಯನ್ನು ಬೆರಳಿನಿಂದ ಸವರಿ ನೋಡಿದ. "ಇದನ್ನ ಕತ್ತರಿಸೋಕೆ ಮೆಷಿನ್ ಯಾಕೆ ಮಾವ, ಜೋರಾಗಿ ಕೆಮ್ಮಿದ್ರೆ ಸಾಕಿತ್ತು."

ಅತ್ತೆಯನ್ನು ಮುಂದಿನ ಸೀಟಿಗೆ ದಾಟಿಸಿ, ನಾಲ್ಕು ಕಾಲನ್ನೂ ಬುಡದಿಂದ ಒಂದೊಂದು ಗೇಣು ತುಂಡರಿಸಿದ. ಧಡ್ ಅಂತ ಕ್ಯಾರಿಯರ್ ತೊಟ್ಟಿಯೊಳಗೆ ಕುಸಿದು ಕೂತಿತು. ವಾರಗಟ್ಟಲೆ ಮಾಡಿದ ಕೆಲಸ ಹನ್ನೊಂದು ನಿಮಿಷದಲ್ಲಿ ಕುಳ್ಳಾಯಿತು. ನಿಜ ಹೇಳಬೇಕೆಂದರೆ ಮಾವನಿಗೆ ಅಳುವೇ ಬಂತು, ಗೋಡೆಯ ಕಡೆ ತಿರುಗಿ ಟೇಪನ್ನು ಎಳೆದು ಬಿಡುತ್ತಾ ನಿಂತರು. ಗಿಡದಮ್ಮ ಅದನ್ನು ನೋಡಿದರು. "ಬಿಡಿ, ಹಗ್ಗ ಕಟ್ಟಿ ಹಾಗೇ ತಗೊಂಡು ಹೋಗೋಣ. ಕುಂಡ ಉರುಳದೆ ಇದ್ರೆ ಸಾಕು," ಅಂದರು.

ಗಾಡಿ ಹೊರಗೆ ಬಂತು. ಮೇಸ್ತ್ರಿಯೂ ಕೈಹಾಕಿ ಅರವತ್ತು ಕುಂಡ ಏರಿಸಿದ. ಅತ್ತೆ ಮಾತ್ರ ಇಳಿದು ಮನೆಯೊಳಗೆ ಹೋಗಲು ಸುತರಾಂ ಒಪ್ಪಲಿಲ್ಲ. "ಕರೆದಿದ್ದು ನೀವೇ," ಅಂತ ಮುಂದಿನ ಸೀಟಿನಲ್ಲಿ ಕೂತೇ ಇದ್ದರು. ಗಂಡ ಹೆಂಡತಿ ಉಳಿದ ಅರ್ಧ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಕೂತಂತೆ ಹೊರಟರು.

ಹತ್ತಕ್ಕೆ ಆರು ನಿಮಿಷ ಇರುವಾಗ ಗ್ರಂಥಾಲಯ ಸಿಕ್ಕಿತು. ಕುಂಡಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಜೋಡಿಸುವಷ್ಟು ಹೊತ್ತಿರಲಿಲ್ಲ. ಕ್ಯಾರಿಯರಿಗೆ ಈಗ ಬೇರು ಇರಲಿಲ್ಲವಲ್ಲ, ಕಾವಲುಗಾರನನ್ನು ಕರೆದು ಅದನ್ನೇ ಎತ್ತಿ ಓದುವ ಕೋಣೆಯ ಕಿಟಕಿಯ ಕೆಳಗಿಟ್ಟು ಸಿಕ್ಕಿದ ಕುಂಡಗಳನ್ನೆಲ್ಲ ಎರಡು ಅಂತಸ್ತಿನಲ್ಲಿ ಪೇರಿಸಿದರು. ಗಡಿಯಾರ ಹತ್ತು ತೋರಿಸಿತು, ಗ್ರಂಥಪಾಲಕಿ ಬಂದರು.

ಆಕೆ ಕುಂಡ ಎಣಿಸಲಿಲ್ಲ. ಕ್ಯಾರಿಯರ್ ಮುಂದೆ ನಿಂತು ತಲೆ ವಾರೆ ಮಾಡಿ ನೋಡಿದರು. "ಈ ಸ್ಟ್ಯಾಂಡು ಪಟ್ಟಿಯಲ್ಲಿ ಇರಲಿಲ್ಲ."

ಗಿಡದಮ್ಮ ಓಡಿಬಂದು ಕ್ಯಾರಿಯರಿಗೆ ಕೈಹಾಕಿದರು. "ಮೇಡಂ, ಅದು ಈಗಲೇ ತೆಗೆದುಬಿಡ್ತೀವಿ."

"ತೆಗೀಬೇಡಿ." ಗ್ರಂಥಪಾಲಕಿ ಒಂದು ಕುರ್ಚಿ ಎಳೆದು ಕೂತರು. ಕೂತಲ್ಲಿಂದ ಮೇಲಂತಸ್ತಿನ ಎಲೆಗಳು ಸರಿಯಾಗಿ ಅವರ ಕಣ್ಣಿನ ಮಟ್ಟಕ್ಕಿದ್ದವು. "ಪುಸ್ತಕದಿಂದ ತಲೆ ಎತ್ತಿದ್ರೆ ಎದುರಿಗೇ ಹಸಿರು. ಒಂದು ಗೇಣು ಎತ್ತರ ಇದ್ದಿದ್ರೆ ಬೆಳಕಿಗೆ ಅಡ್ಡ ಆಗ್ತಿತ್ತು. ಇಂಥವೇ ಇನ್ನೂ ಎಂಟು ಬೇಕು, ಇದೇ ಎತ್ತರ. ವರ್ಷದ ಒಪ್ಪಂದದ ಜೊತೆಗೇ ಸೇರಿಸ್ತೀನಿ. ಇದರ ಅಳತೆ ಯಾರು ತಗೊಂಡಿದ್ದು?"

ಹುಟ್ಟಿದಾಗಿನಿಂದ ಮಾವ ಕಾಯುತ್ತಿದ್ದ ಪ್ರಶ್ನೆ ಅದು. ಎದೆ ಉಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಹೆಂಡತಿ ಉತ್ತರ ಕೊಟ್ಟಾಗಿತ್ತು.

"ನಮ್ಮ ಶೆಡ್ಡಿನ ಬಾಗಿಲು, ಮೇಡಂ."

"ಹಾಗಲ್ಲ ಮೇಡಂ, ಮೂಲ ಅಳತೆ ನಂದೇ. ಸ್ಪ್ರಿಂಗ್ ಮೇಲಿನ ಭಾರ ಏನಾಗುತ್ತೆ ಅಂದ್ರೆ..." ಅಂತ ಮಾವ ದನಿ ಎತ್ತಿದರು. ಗ್ರಂಥಪಾಲಕಿ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ. ಇದು ಓದೋ ಜಾಗ, ಇಲ್ಲಿ ಯಾರೂ ಮಾತಾಡೋ ಹಾಗಿಲ್ಲ. ನಾಳೆಯಿಂದ ಜನ ಬರ್ತಾರೆ, ಇವತ್ತಿಂದಲೇ ಅಭ್ಯಾಸ ಆಗಲಿ."

ಮಾವ ಬಾಯಿ ಮುಚ್ಚಿಕೊಂಡರು. ಗಿಡದಮ್ಮ ಅದನ್ನು ಕಣ್ತುಂಬ ನೋಡಿ, ಮುಂದಿಟ್ಟ ಒಪ್ಪಂದವನ್ನು ನಿಧಾನವಾಗಿ ಓದಿದರು. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ, ಓದುವ ಕೋಣೆಯೊಳಗೆ ಗಿಡಗಳ ಆರೈಕೆ.

"ಇವರನ್ನೂ ಜೊತೇಲಿ ಕರ್ಕೊಂಡು ಬರ್ತೀನಿ ಮೇಡಂ," ಅಂದು ಸಹಿ ಹಾಕಿದರು.