ಅತ್ತೆಯ ಸಾಹೇಬರು, ನನ್ನ ಕೌದಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಗುವವರು ನಗಲಿ: ಇಪ್ಪತ್ತಾರು ವರ್ಷದ ನಾನು ಒಂದು ಬೆಕ್ಕಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಪಟ್ಟು ಸುಮ್ಮನೂ ಇರಲಿಲ್ಲ. ದಿನಾ ಸಂಜೆ ಹಿತ್ತಲ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಗಂಟಲು ಹಿಚುಕಿಕೊಂಡು, ಗಂಡು ಬೆಕ್ಕು ಜಗಳಕ್ಕೆ ಕರೆಯುವ ಹಾಗೆ 'ಮ್ಯಾಂವ್ವ್ವ್' ಎಂದು ಒದರಿದೆ. ಅದರಿಂದ ಆ ಮನೆಯಲ್ಲಿ ಏನೇನು ಒದ್ದೆಯಾಯಿತು ಎನ್ನುವುದೇ ಈ ಕಥೆ.

ಬೆಕ್ಕು ನನ್ನ ಅತ್ತೆಯದು, ಅಂದರೆ ಅಪ್ಪನ ಅಕ್ಕನದು. ಊರು ಸಿಂದಗಿ. ಇಂಥ ಅತ್ತೆ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿ ಹುಡುಕಿದರೂ ಇನ್ನೊಬ್ಬಳು ಸಿಗುವುದಿಲ್ಲ. ಸಿಕ್ಕರೂ ಇಬ್ಬರನ್ನು ಒಂದೇ ಓಣಿಯಲ್ಲಿ ಇಡಬಾರದು! ಆಕೆಯ ವ್ಯಾಕರಣವೇ ಬೇರೆ. ಮನುಷ್ಯರಿಗೆ ಏಕವಚನ, ಪ್ರಾಣಿಗಳಿಗೆ ಬಹುವಚನ. ಹಾಲು ತರುವವನಿಗೆ "ಯಾಕೋ, ಇಷ್ಟ್ಯಾಕ ತಡಾ?" ಎನ್ನುವವಳು ಅವನ ಎಮ್ಮೆ ಎದುರಾದರೆ "ಆರಾಮ ಇದ್ದೀರಿಲ್ರಿ?" ಎಂದು ಕೇಳುತ್ತಾಳೆ. ಮಾವನಿಗೂ 'ರಿ' ಸಿಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಒಣಗಿ ಗಟ್ಟಿಯಾದ ಕಟಕ್ ರೊಟ್ಟಿಯಂಥ 'ರಿ'. ಬೆಕ್ಕಿಗೆ ಸಿಗುವುದು ಬೆಣ್ಣೆ ಸವರಿದ 'ರಿ'.

ಹೀಗೇಕೆ ಎಂದು ಒಮ್ಮೆ ಕೇಳಿದ್ದೆ. "ಬಾಯಿ ಇದ್ದವ್ರು ಮರ್ಯಾದಿ ಕೇಳಿ ಇಸಗೋತಾರ. ಬಾಯಿ ಇಲ್ಲದವ್ರಿಗೆ ನಾವ ಕೊಡಬೇಕು. ನಿನಗಂತೂ ಹತ್ತು ಬಾಯಿ ಅದಾವ, ನಡೀ ಅತ್ತಾಗ!" ಎಂದಳು.

ಹತ್ತು ಬಾಯಿ ಎಂದದ್ದು ಸುಳ್ಳಲ್ಲ. ನನ್ನೂರು ಮುದ್ದೇಬಿಹಾಳ. ಸಿಂದಗಿ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ಅತ್ತೆಯ ಮನೆ ಸೇರಿದೆ. ಹಗಲೆಲ್ಲ ಕಾಗದದ ನಕಲು, ಸಂಜೆ ಮನುಷ್ಯರ ನಕಲು. ಕಲಬುರಗಿ ಬಸ್ಸಿನ ಕಂಡಕ್ಟರು, ಪಕ್ಕದ ಮನೆಯ ಸಾಲಿ ಮಾಸ್ತರು, ಬಾಯಲ್ಲಿ ತಂಬಾಕು ಇಟ್ಟುಕೊಂಡು ಫೋನಿನಲ್ಲಿ ತೊಗರಿ ರೇಟು ಹೇಳುವ ಮಾವ, ಕನ್ನಡಿಯ ಮುಂದೆ ನನ್ನನ್ನು ನಾನೇ ಮೆಚ್ಚಿಕೊಳ್ಳುವ ನಾನು. ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಹಾಲಿನ ಕೆನೆಯೆಲ್ಲ ನನ್ನ ರೊಟ್ಟಿಯ ಮೇಲೆ ಬರುತ್ತಿತ್ತು. ಇನ್ನೇನು ಬೇಕು?

ಆಗ ಸಾಹೇಬರು ಬಂದರು.

ಮಾವನದು ತೊಗರಿ ವ್ಯಾಪಾರ. ಯಂಕಂಚಿಯಿಂದ ಬಂದ ತೊಗರಿ ಚೀಲಗಳ ಸಂದಿಯಲ್ಲಿ ಈ ಕೆಂಚು ಬೆಕ್ಕಿನ ಮರಿ ಕೂತಿತ್ತಂತೆ. ದೊಡ್ಡದಾದ ಮೇಲೆ ಅದರ ದಿನಚರಿ ಇಷ್ಟೇ: ಕುರ್ಚಿಯಲ್ಲಿ ಕೂರುವುದು, ಏನೂ ಮಾಡದಿರುವುದು, ಎಲ್ಲರನ್ನೂ ಕಾಯಿಸುವುದು. ಹಾಗಾಗಿ ಅತ್ತೆ 'ಸಾಹೇಬ್ರು' ಎಂದು ಹೆಸರಿಟ್ಟಳು. ಕೆನೆಗೆ ನನ್ನ ರೊಟ್ಟಿಯಿಂದ ಸಾಹೇಬರ ಬಟ್ಟಲಿಗೆ ವರ್ಗಾವಣೆಯಾಯಿತು. ಅದನ್ನೂ ನುಂಗಿಕೊಂಡೆ. ಆದರೆ ಒಂದು ಸಂಜೆ ನಾನು ಕಂಡಕ್ಟರನ ನಕಲು ಶುರುಮಾಡಿ "ಮುಂದ ಸರೀರಿ, ಮುಂದ..." ಎನ್ನುವಷ್ಟರಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟಳು. "ಶ್! ಸಾಹೇಬ್ರು ಮಲಗ್ಯಾರ."

ಹೇಳಿ, ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ?

ಮರುದಿನ ಸಂಜೆಯೇ ಕಿಟಕಿಯ ಕೆಳಗಿನ ನನ್ನ ಮೊದಲ 'ಮ್ಯಾಂವ್ವ್ವ್'. ಹೆದರಿ ಮನೆಬಿಟ್ಟು ಓಡಲಿ ಎಂಬುದು ನನ್ನ ಲೆಕ್ಕ. ಸಾಹೇಬರು ಓಡಲಿಲ್ಲ. ಮರುದಿನ ನಾನು ಅಂಗಡಿಯಿಂದ ಮರಳುವಷ್ಟರಲ್ಲಿ ನನ್ನ ತಲೆದಿಂಬು ಒದ್ದೆಯಾಗಿತ್ತು.

ಅವರಿಗೆಂದೇ ಬಚ್ಚಲ ಮೂಲೆಯಲ್ಲಿ ಮರಳು ತುಂಬಿದ ಪ್ಲಾಸ್ಟಿಕ್ ಬುಟ್ಟಿ ಇತ್ತು. ಅಲ್ಲಿಯತನಕ ಒಂದು ದಿನವೂ ಅವರು ಬುಟ್ಟಿ ತಪ್ಪಿಸಿದವರಲ್ಲ. ಈಗ ದಿಂಬಾಯಿತು, ಕಿಟಕಿಯ ಕಟ್ಟೆಯಾಯಿತು, ಬಾಗಿಲ ಮೂಲೆಯಾಯಿತು.

"ಅತ್ತಿ, ನಿನ್ನ ಬೆಕ್ಕಿಗೆ ಸೊಕ್ಕು ಬಂದೈತಿ ನೋಡು" ಎಂದೆ.

"ಸಾಹೇಬ್ರು ಹಂಗೆಲ್ಲ ಕಂಡಕಂಡಲ್ಲೆ ಒಂದಕ್ಕ ಹೋಗಾವ್ರಲ್ಲ. ಏನೋ ತ್ರಾಸ ಐತಿ. ಅವ್ರ ಜಾಗಾದಾಗ ಕುಂತು ನೋಡಬೇಕು" ಎಂದಳು ಅತ್ತೆ.

ಮಾತಿಗೆ ಅಂದಳು ಅಂದುಕೊಂಡಿರಾ? ನಿಜವಾಗಿಯೂ ಕೂತಳು! ಬಚ್ಚಲಲ್ಲಿ ಬುಟ್ಟಿಯ ಪಕ್ಕ ಮಣೆ ಹಾಕಿ, ಬೆಕ್ಕಿನ ಎತ್ತರಕ್ಕೆ ತಲೆ ತಗ್ಗಿಸಿ, ಅರ್ಧ ಗಂಟೆ. ಅಷ್ಟರಲ್ಲಿ ನಳಕ್ಕೆ ನೀರು ಬಂತು, ಮಾವ ಹೊರಗಿನಿಂದ ಮೋಟರಿನ ಗುಂಡಿ ಒತ್ತಿದರು. ಆ ಮೋಟರು ಇದ್ದದ್ದು ಅತ್ತೆಯ ಕಿವಿಯಿಂದ ಒಂದು ಗೇಣು ದೂರದಲ್ಲಿ. ತುರುಬು ಬಿಚ್ಚಿಕೊಂಡು ಹೊರಬಿದ್ದ ಅತ್ತೆ ಮಾವನ ಮುಂದೆ ನಿಂತು ತೀರ್ಪು ಕೊಟ್ಟಳು: "ಅಲ್ರಿ, ಇಂಥಾ ಗದ್ದಲದಾಗ ನಾ ಆಗಿದ್ರೂ ನಿಮ್ಮ ಗಾದಿ ಮ್ಯಾಲ ಹೋಗ್ತಿದ್ನಿ!"

ಬುಟ್ಟಿ ಮೆಟ್ಟಿಲ ಕೆಳಗಿನ ಶಾಂತ ಮೂಲೆಗೆ ಹೋಯಿತು. ಆಮೇಲೆ ಮಣ್ಣಿನ ಪರೀಕ್ಷೆ. ಮರಳು ಚುಚ್ಚುತ್ತಿರಬಹುದೆಂದು ಕನ್ನೊಳ್ಳಿಯಲ್ಲಿದ್ದ ಮಾವನ ಹೊಲದ ಎರೆಮಣ್ಣು ತರಿಸಿದಳು. ಒದ್ದೆಯಾದೊಡನೆ ಅದು ಪಾದಕ್ಕೆ ಮೆತ್ತಿಕೊಂಡು, ಸಾಹೇಬರು ಪಡಸಾಲೆಯುದ್ದಕ್ಕೂ ಕರಿ ಮೊಹರು ಒತ್ತುತ್ತ ನಡೆದರು. ಒಲೆಯ ಬೂದಿ ಹಾಕಿದಳು. ಸಾಹೇಬರು ಹನ್ನೆರಡು ಸಲ ಸೀನಿ ಹೊರಬಂದರು. ಕೊನೆಗೆ ಜರಡಿ ಹಿಡಿದ ಸಣ್ಣ ಮರಳು ಪಾಸಾಯಿತು. ದಿನಕ್ಕೆ ಎರಡು ಸಲ ಅತ್ತೆ ಅದನ್ನು ತಾನೇ ಸ್ವಚ್ಛ ಮಾಡುತ್ತಿದ್ದಳು. ನನ್ನ ಕೋಣೆಗೆ ಕಸಬರಿಗೆ ಬಂದು ಎಷ್ಟು ದಿನವಾಗಿತ್ತು? ಕೇಳಬೇಡಿ! ಬೆಕ್ಕನ್ನು ಓಡಿಸಲು ಹೋಗಿ ಅದರ ವೈಭೋಗ ಹೆಚ್ಚಿಸಿದೆನಲ್ಲ! ಆ ಸಂಜೆ ಎರಡು ನಿಮಿಷ ಜಾಸ್ತಿ ಒದರಿದೆ.

ಅದರ ಫಲ ಗುರುವಾರ ಸಿಕ್ಕಿತು. ಮಾವ ಪಡಸಾಲೆಯಲ್ಲಿ ಒಂದು ಪರಾತದ ತುಂಬ ತೊಗರಿಯ ಮಾದರಿ ಇಟ್ಟಿದ್ದರು. ಕಾಳು ಕಾಳಾಗಿ, ಕೆರೆದರೆ ಸರಸರ ಎನ್ನುವ ತೊಗರಿ! ಬೆಕ್ಕಿನ ಕಣ್ಣಿಗೆ ಅದಕ್ಕಿಂತ ಒಳ್ಳೆಯ ಬುಟ್ಟಿ ಯಾವುದು? ಸಾಹೇಬರ ಬೆಳಿಗ್ಗೆಯ ಕೃಪೆ ಮಧ್ಯಾಹ್ನದ ಬಿಸಿಲಿಗೆ ಒಣಗಿತ್ತು. ಇಂಡಿಯಿಂದ ಬಂದ ಖರೀದಿದಾರರು ರೂಢಿಯಂತೆ ನಾಲ್ಕು ಕಾಳು ಬಾಯಿಗೆ ಹಾಕಿ ಹಲ್ಲಲ್ಲಿ ಕಟ್ಟೆಂದು ಕಡಿದರು. ಚಪ್ಪರಿಸಿದರು. ಹುಬ್ಬು ಗಂಟಿಕ್ಕಿದರು.

"ಮಾಲೇನೋ ಚೊಲೋ ಐತ್ರಿ. ಆದ್ರ ಸವುಳು ನೆಲದ್ದು ಕಾಣ್ತೈತಿ, ಸ್ವಲ್ಪ ಉಪ್ಪ ಐತಲ್ಲ?"

ಒಳಗಿನಿಂದ ಸಾಹೇಬರು ಬಂದು ಪರಾತ ಮೂಸಿ, ಮರಳು ಮುಚ್ಚುವಂತೆ ಕಾಲಿನಿಂದ ಕೆರೆದರು. ಖರೀದಿದಾರರು ಚಹಾ ಕೂಡ ಕುಡಿಯದೆ ಎದ್ದರು.

"ಐತವಾರತನಕ ನೋಡ್ತೇನಿ. ನಿಲ್ಲಲಿಲ್ಲಂದ್ರ ಚೀಲದಾಗ ಹಾಕಿ ಕನ್ನೊಳ್ಳಿ ಹೊಲಕ್ಕ ಬಿಟ್ಟು ಬರೂದ!" ಎಂದರು ಮಾವ. ಅತ್ತೆ ಸಾಹೇಬರನ್ನು ಸೆರಗಿನಲ್ಲಿ ಸುತ್ತಿ ಒಳಗೆ ಒಯ್ದಳು.

ಶುಕ್ರವಾರ ದನದ ದವಾಖಾನೆ. ಎತ್ತು ಎಮ್ಮೆಗಳ ಸಾಲಿನಲ್ಲಿ ಬುಟ್ಟಿಯೊಳಗೆ ಸಾಹೇಬರು, ಬುಟ್ಟಿ ಹೊತ್ತವನು ನಾನು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಉಚ್ಚೆ ಕಟ್ಟಿಲ್ಲ, ಹರಳಿಲ್ಲ. "ಹೊರಗಿನ ಗಂಡು ಬೆಕ್ಕು ಏನರೆ ಬರ್ತೈತೇನ್ರಿ?" ಎಂದು ಕೇಳಿದರು.

"ದಿನಾ ಸಂಜಿಮುಂದ ಒಂದು ಒದರ್ತೈತ್ರಿ. ಭಾಳ ಕೆಟ್ಟ ದನಿ. ಕಣ್ಣಿಗೆ ಬಿದ್ದಿಲ್ಲ" ಎಂದಳು ಅತ್ತೆ.

ಕೆಟ್ಟ ದನಿ! ಅದೂ ನನ್ನ ದನಿ!

"ಅದ ಕಾರಣ ನೋಡ್ರಿ. ಇದು ಸೊಕ್ಕಲ್ಲ, ಅಂಜಿಕಿ. ತನ್ನ ಮನಿ ಇನ್ನೊಬ್ಬಾಂವ ಕಸಗೋತಾನಂತ ಅಂಜಿ 'ಇದು ನಂದು, ಇದು ನಂದು' ಅಂತ ಗುರ್ತು ಹಾಕಾಕತ್ತೈತಿ. ಬಡೀಬ್ಯಾಡ್ರಿ, ಬೈಬ್ಯಾಡ್ರಿ. ಹಳೇ ವಾಸನಿ ಉಳೀದಂಗ ತೊಳೀರಿ. ಮತ್ತ ಆ ಗಂಡು ಬೆಕ್ಕನ್ನ ಹಿಡದು ಇಲ್ಲೆ ತರ್ರಿ. ಸಣ್ಣ ಆಪರೇಷನ್. ಒದರೂದು ತಾನ ಬಂದ್ ಆಗ್ತೈತಿ."

ನಾನು ನಿಂತಲ್ಲೇ ಎರಡೂ ಮೊಣಕಾಲು ಜೋಡಿಸಿಕೊಂಡೆ.

ಅಂದಿನಿಂದ ನನ್ನ ಗಂಟಲು ಬಂದ್. ಶುಕ್ರವಾರ, ಶನಿವಾರ ಎರಡೂ ಸಂಜೆ ಅತ್ತೆ ಹಿತ್ತಲಲ್ಲಿ ಬುಟ್ಟಿ ಹಿಡಿದು ಆ ಗಂಡು ಬೆಕ್ಕಿಗಾಗಿ ಕಾದಳು. "ಬರ್ರಿ, ಏನೂ ಮಾಡಂಗಿಲ್ಲ, ಬರ್ರಿ" ಎಂದು ಕತ್ತಲಿಗೂ ಮುಳ್ಳಿಗೂ ಮರ್ಯಾದೆ ಕೊಟ್ಟು ಕರೆದಳು. ನೋಡಿ, ನನಗೆ ಮೊದಲ ಸಲ 'ರಿ' ಸಿಕ್ಕಿದ್ದು ಹೀಗೆ! ನಾನು ಒಳಗೆ ಮೊಬೈಲು ನೋಡುತ್ತ ಕೂತಿದ್ದೆ. "ಇಲ್ಲದ ಬೆಕ್ಕಿನ ಸುದ್ದಿ ಹೇಳಿ ಇದನ್ನ ಉಳಿಸಿಕೊಳ್ಳಾಕ ನೋಡ್ತಿ ಏನು?" ಎಂದು ಮಾವ ನಕ್ಕರು. ಬಾಯಿ ಬಿಟ್ಟರೆ ಸಾಹೇಬರು ಉಳಿಯುತ್ತಿದ್ದರು. ಬಿಡದಿದ್ದರೆ ಕೆನೆ ನನ್ನದು. ಹತ್ತು ಬಾಯಿಯವನು ಒಂದು ಬಾಯಿಯನ್ನೂ ಬಿಡಲಿಲ್ಲ. ಸಾಹೇಬರಲ್ಲಿ ಹಳೆಯ ಅಂಜಿಕೆ ಇನ್ನೂ ಇತ್ತೇನೋ, ಮಾವ ಗಡುವು ಕೊಟ್ಟಿದ್ದ ಭಾನುವಾರ ಬೆಳಿಗ್ಗೆ ಅವರದೇ ಬಿಳಿ ಧೋತರದ ಮೇಲೂ ಗುರುತು ಬಿತ್ತು.

ಮಾವ ಚೀಲ ತಂದರು. ಬೈಕು ಓಡಿಸುವ ಕೆಲಸ ನನಗೆ. ಅತ್ತೆ ಜಗಳಾಡಲಿಲ್ಲ. ಟ್ರಂಕು ತೆಗೆದು, ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಒಂದು ಸಣ್ಣ ಕೌದಿ ತಂದು, ಮಡಚಿ ಚೀಲದೊಳಗೆ ಹಾಸಿ, ಸಾಹೇಬರನ್ನು ಅದರ ಮೇಲೆ ಕೂರಿಸಿ ಬಾಯಿ ಕಟ್ಟಿದಳು. "ಹೊಸಾ ಜಾಗಾದಾಗ ಮನಿ ವಾಸನಿ ಇದ್ರ ಸಾಹೇಬ್ರಿಗೆ ನಿದ್ದಿ ಹತ್ತತೈತಿ" ಎಂದು ಚೀಲಕ್ಕೇ ಹೇಳಿದಳು.

ಆ ಕೌದಿಯ ಮೂಲೆಯಲ್ಲಿ ನೀಲಿ ಚೌಕಳಿಯ ತುಂಡು. ನನ್ನ ಅಂಗನವಾಡಿಯ ಅಂಗಿ! ಪಕ್ಕದಲ್ಲಿ ಅತ್ತೆಯ ಹಳೆಯ ಇಳಕಲ್ ಸೀರೆಯ ಸೆರಗು. ಅದು ನನ್ನ ಕೌದಿ. ಕೆನೆ ಹೋಯಿತು, ನಗು ಹೋಯಿತು, ಈಗ ಕೌದಿಯೂ!

"ಅತ್ತಿ, ಅದು ನಂದು! ತಗಿ ಹೊರಗ! ಅಂವ ಎಲ್ಲೂ ಹೋಗೂದು ಬ್ಯಾಡ. ಆ ಗಂಡು ಬೆಕ್ಕು... ನಾನ!"

ಯಾರೂ ನಂಬಲಿಲ್ಲ. "ಯಾರ ನಕಲಿ ಮಾಡಾಕತ್ತಿ ಈಗ?" ಎಂದರು ಮಾವ. ಬೇರೆ ದಾರಿಯೇ ಇರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗಂಟಲು ಹಿಚುಕಿ, ಜೀವಮಾನದ ಅತ್ಯುತ್ತಮ 'ಮ್ಯಾಂವ್ವ್ವ್' ಒದರಿದೆ.

ಚೀಲ ನಡುಗಿತು. ಆಮೇಲೆ ಬೆಚ್ಚಗಾಯಿತು. ಕೌದಿ ದಾಟಿ, ಚೀಲ ದಾಟಿ, ನನ್ನ ಪ್ಯಾಂಟಿನ ತನಕ ಸಾಹೇಬರು ಸಹಿ ಹಾಕಿದರು.

ಮಾವ ನನ್ನನ್ನು ನೋಡಿದರು, ಚೀಲ ನೋಡಿದರು. "ಹಂಗಾರ ಕನ್ನೊಳ್ಳಿಗೆ ಈಗ ಯಾರನ್ನ ಬಿಟ್ಟು ಬರೂದು?"

ಅತ್ತೆ ಚೀಲದ ಬಾಯಿ ಬಿಚ್ಚಿ ಸಾಹೇಬರನ್ನು ಇಳಿಸಿದಳು. ಒದ್ದೆ ಕೌದಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ಹೊರಟವಳು ತಿರುಗಿಯೂ ನೋಡದೆ ಹೇಳಿದಳು:

"ಯಾರನ್ನೂ ಬಿಡೂದು ಬ್ಯಾಡ. ಇವನ ತಂಗಿ ಹುಟ್ಟಿದಾಗ ಇವನ್ನ ನನ್ನ ಕಡೆ ಬಿಟ್ಟಿದ್ರು. ಇದ ಕೌದಿ ಇಂವ ಒಂದು ವರ್ಷ ದಿನಾ ತೋಯಿಸ್ಯಾನ. ನಾ ಏನು ಚೀಲ ತಂದಿದ್ನೇನು? ಕೌದಿ ಒಗದು ಒಣಾ ಹಾಕಿದ್ನಿ, ಅಷ್ಟ!"