ನೇರಳೆ ಬ್ಯಾಟರಿ ಗುಲಾಬಿ ಡ್ರಿಲ್ಲಿಗೆ ಕೂರದ ಬಗ್ಗೆ

ಗುಲಾಬಿ ಬಣ್ಣದ ಡ್ರಿಲ್ ಕಂಪನಿಯ ಹಾಗೂ ನೇರಳೆ ಬಣ್ಣದ ಕಟಿಂಗ್ ಮಷಿನ್ ಕಂಪನಿಯ ಘನತೆವೆತ್ತ ಮಾಲೀಕರಿಗೆ,

ಮಾನ್ಯರೇ,

ಬಂಗಾರಪೇಟೆಯಿಂದ ಚಿನ್ನದ ಗಣಿ ಕಡೆಯ ಕೋರಮಂಡಲ್‌ಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಿಂದ, ಡೇರಿಗೆ ಹಾಲು ಹಾಕಿ ಬಂದು ಕೈತೊಳೆದುಕೊಂಡು ಕೂತಿರುವ ಸುಕನ್ಯ ಎಂಬ ನಾನು ನಿಮ್ಮಿಬ್ಬರಿಗೂ ಒಂದೇ ಪತ್ರದಲ್ಲಿ ಮಾಡುವ ನಮಸ್ಕಾರಗಳು. ಬೇರೆ ಬೇರೆ ಬರೆಯಬಹುದಿತ್ತು. ಆದರೆ ನಿಮ್ಮ ಸರಕುಗಳಂತೂ ಒಂದನ್ನೊಂದು ಹತ್ತಿರ ಸೇರಿಸುವುದಿಲ್ಲ, ನೀವಾದರೂ ಒಂದು ಹಾಳೆಯ ಮೇಲೆ ಅಕ್ಕಪಕ್ಕ ಕೂರುವಂತಾಗಲಿ ಎಂಬ ಆಸೆ ನನ್ನದು.

ಹೋದ ತಿಂಗಳು ಬಿರುಗಾಳಿಗೆ ನಮ್ಮ ಕೊಟ್ಟಿಗೆಯ ತಗಡುಗಳು ಕಿತ್ತುಹೋದವು. ಕೊಟ್ಟಿಗೆ ನಮ್ಮ ಯಜಮಾನರಾದ ಮುನೇಶ್ ಮತ್ತು ಬೇರೆ ಮನೆ ಮಾಡಿರುವ ನನ್ನ ಮೈದುನ ವೆಂಕಿ, ಇಬ್ಬರಿಗೂ ಸೇರಿದ್ದು. ಒಳಗೆ ಹಾಲು ಕೊಡುವ ವೆಂಕಿಯ ಹಸು, ಪಕ್ಕದಲ್ಲಿ ನಮ್ಮ ಕೆಂಚು ಹಸು; ನಮ್ಮದು ತುಂಬು ಗಬ್ಬ. ಕೊಟ್ಟಿಗೆಗೆ ಕರೆಂಟಿಲ್ಲವಾದ್ದರಿಂದ ಬ್ಯಾಟರಿ ಡ್ರಿಲ್ಲೇ ಬೇಕೆಂದು ಅಣ್ಣತಮ್ಮಂದಿರು ಒಮ್ಮತದಿಂದ ತೀರ್ಮಾನಿಸಿದರು. ಒಮ್ಮತ ಅಲ್ಲಿಗೇ ಮುಗಿಯಿತು.

ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಯಜಮಾನರು ಮಾರಿಕುಪ್ಪಂ ರೈಲಿನಲ್ಲಿ ಹೋಗುವಾಗಲೂ ಬರುವಾಗಲೂ ಫೋನಿನಲ್ಲಿ ನಿಮ್ಮ ಡ್ರಿಲ್ಲುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು; ಹೆಣ್ಣು ನೋಡಲು ಬಂದ ದಿನ ನನ್ನನ್ನೂ ಅವರು ಅಷ್ಟು ನೋಡಿರಲಿಲ್ಲ. ಕೊನೆಗೆ ಗುಲಾಬಿಯವರ ಅರ್ಧ ಬೆಲೆಯ ಆಫರ್ ಒಪ್ಪಿಗೆಯಾಯಿತು. ಡಬ್ಬಿ ಬಂತು, ಡ್ರಿಲ್ ಬಂತು, ಬ್ಯಾಟರಿ ಬರಲಿಲ್ಲ. ಬ್ಯಾಟರಿ ಬೇರೆಯಾಗಿ ಕೊಳ್ಳಬೇಕೆಂದು ಡಬ್ಬಿಯ ತಳದಲ್ಲಿ ಇರುವೆ ಸಾಲಿನಂತೆ ಬರೆದಿದ್ದ ನಿಮ್ಮ ಸಂಕೋಚ ಸ್ವಭಾವಕ್ಕೆ ನಾನು ತಲೆಬಾಗುತ್ತೇನೆ. ಆ ಬ್ಯಾಟರಿ ಡ್ರಿಲ್ಲಿಗಿಂತ ದುಬಾರಿ.

ಅದೇ ವಾರ ಅಣ್ಣನಿಗೆ ಹೇಳದೆ ವೆಂಕಿಯೂ ನೇರಳೆಯವರ ಹಬ್ಬದ ಮಾರಾಟಕ್ಕೆ ಬಿದ್ದಿದ್ದ. ಅಲ್ಲಿ ಡ್ರಿಲ್ ಖಾಲಿಯಾಗಿತ್ತಂತೆ. ಎರಡು ಬ್ಯಾಟರಿ, ಚಾರ್ಜರ್ ಸಮೇತ ಕಟಿಂಗ್ ಮಷಿನ್ ಅಗ್ಗಕ್ಕೆ ಸಿಕ್ಕಿತೆಂದು ಅದನ್ನೇ ತರಿಸಿದ. ನೇರಳೆ ಬ್ಯಾಟರಿಯನ್ನು ಗುಲಾಬಿ ಡ್ರಿಲ್ಲಿಗೆ ತುರುಕಲು ಇಬ್ಬರೂ ಬೆವರು ಸುರಿಸಿದರು. ಆಮೇಲೆ ನಿನ್ನದನ್ನು ವಾಪಸ್ ಕಳಿಸು ಎಂದು ಅಣ್ಣ, ನಿನ್ನದನ್ನೇ ಕಳಿಸು ಎಂದು ತಮ್ಮ ಜಗಳಕ್ಕೆ ನಿಂತರು. ವಾಪಸ್ ಕಳಿಸುವ ಗಡುವು ಮುಗಿಯಿತು, ಮಾತೂ ನಿಂತಿತು. ನಮ್ಮತ್ತೆ ಮಂಗಮ್ಮನವರು ಎರಡನ್ನೂ ಜಗಲಿಯ ಮೇಲಿಟ್ಟು ನೋಡಿ, "ಒಂದು ಉಸ್ರಾಡಲ್ಲ, ಇನ್ನೊಂದು ಕುಯ್ಯಾದು ಬಿಟ್ಟು ಬ್ಯಾರೆ ಕಲ್ತಿಲ್ಲ. ಎರಡೂ ನಿಮ್ಮಂಗೇ ಅವೆ ಕಣ್ಲಾ," ಎಂದರು.

ಇವರ ಮುನಿಸು ಇಳಿಯುವುದರೊಳಗೆ ಹಸು ಈಯುತ್ತದೆಂದು ನಾನೇ ಕೋರಮಂಡಲ್‌ನ ವೆಲ್ಡಿಂಗ್ ರಾಜ್‌ಕುಮಾರ್ ಅವರನ್ನು ಕರೆಸಿದೆ. ಅವರ ಡ್ರಿಲ್ ಮೂರನೆಯ ಕಂಪನಿಯದು. ಮೊದಲ ತಗಡಿಗೇ ಅದರ ಬ್ಯಾಟರಿ ಸತ್ತಿತು. ಬೇರೆ ಬ್ಯಾಟರಿ ಇದೆಯಾ ಅಕ್ಕ ಎಂದು ಕೇಳಿದರು. ನೇರಳೆಯದನ್ನು ತಂದುಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ದೇವರ ಪ್ರಸಾದ ಹಿಂದಿರುಗಿಸುವಷ್ಟು ಮರ್ಯಾದೆಯಿಂದ ವಾಪಸ್ ಕೊಟ್ಟು, ತಮ್ಮದನ್ನು ಚಾರ್ಜ್ ಮಾಡಿ ತರಲು ಹೋದರು.

ಅವರು ಅತ್ತ ಹೋಗುತ್ತಲೇ ಇತ್ತ ಮಳೆ ಹಿಡಿಯಿತು, ಹಸುವಿಗೆ ನೋವೂ ಬಂತು. ಹೊಸ ಟೈಲ್ಸ್ ಹಾಕಿಸಿದ್ದ ನಡುಮನೆಗೆ ಅದನ್ನು ಹೊಡೆದುಕೊಂಡು ಬಂದು ಗೋಣಿಚೀಲ ಹಾಸಿದೆವು. ಕರುವಿನ ಒಂದು ಕಾಲು ಮಾತ್ರ ಕಾಣಿಸಿತು, ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಹಸು ತಿಣುಕಿ ತಿಣುಕಿ ಸೋತು ಕುತ್ತಿಗೆ ಚಾಚಿ ಮಲಗಿಬಿಟ್ಟಿತು. ನಾನು ಫೋನ್ ಮಾಡಿದೆ. ದನದ ಡಾಕ್ಟರು ದೂರದಲ್ಲಿದ್ದರು. ಬಾಗಿಲಲ್ಲಿ ನಿಂತಿದ್ದ ವೆಂಕಿ ಒಳಗೆ ಬಂದು ಮಂಡಿಯೂರಿ, "ಅಣ್ಣ, ನೀನು ಅಸೂನ ಇಡ್ಕೊ, ಕಾಲು ನಾನು ಸರಿ ಮಾಡ್ತೀನಿ," ಎಂದ.

ಯಜಮಾನರು ಹಸುವಿನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. "ನಿಧಾನ್ಕೆ ಕಣ್ಲಾ," ಎಂದರು. ಅಷ್ಟು ದಿನಗಳ ಮೇಲೆ ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ. ಕರು ಜೀವಂತ ಬಂತು. ಇಬ್ಬರೂ ಗೋಡೆಗೊರಗಿ ಒಂದೇ ಟವಲಿನಲ್ಲಿ ಮುಖ ಒರೆಸಿಕೊಂಡರು. ಮಾರನೆಯ ದಿನ ಪಕ್ಕದ ಮನೆಯ ಚಿಕ್ಕವೆಂಕಟಮ್ಮನವರ ಹಳೆಯ ಕರೆಂಟ್ ಡ್ರಿಲ್ ತಂದು, ಮನೆಯಿಂದ ಕೊಟ್ಟಿಗೆಯವರೆಗೆ ಉದ್ದ ವೈರ್ ಎಳೆದು, ಊಟದ ಹೊತ್ತಿಗೆ ತಗಡು ಬಿಗಿದು ಮುಗಿಸಿದರು. ವೈರ್ ಎಳೆಯಬಹುದೆಂಬ ಆಲೋಚನೆ ಮೊದಲೇ ಯಾರಿಗೂ ಬಾರದಂತೆ ನೋಡಿಕೊಂಡ ನಿಮ್ಮ ಜಾಹೀರಾತಿನ ಶಕ್ತಿ ಅಪಾರ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದೆ ಮಾರುವಾಗ ಡ್ರಿಲ್ ಮತ್ತು ಬ್ಯಾಟರಿಯ ಜಾತಕ ಕೂಡಿಸಿ ಕಳಿಸಬೇಕು. ಆಗದಿದ್ದರೆ ಮುಂದಿನ ಗಾಳಿಮಳೆಗೆ ನೀವಿಬ್ಬರೂ ಖುದ್ದಾಗಿ ಬಂದು, ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ನಮ್ಮ ತಗಡು ಹಿಡಿದುಕೊಳ್ಳಬೇಕು. ಊಟ ನಮ್ಮದು. ತಟ್ಟೆ ಒಬ್ಬರಿಗೆ, ಮುದ್ದೆ ಇನ್ನೊಬ್ಬರಿಗೆ; ಎರಡನ್ನೂ ಒಟ್ಟಿಗೆ ಕೊಡುವ ಪದ್ಧತಿ ನಿಮಗೆ ಒಗ್ಗದೆಂದು ಬಲ್ಲೆ.

ಇನ್ನೂ ಚಾರ್ಜ್ ಇಳಿಯದ,
ತಮ್ಮ ವಿಶ್ವಾಸಿ,
ಸುಕನ್ಯ

ಮರೆತ ಮಾತು: ಕರು ಚೆನ್ನಾಗಿದೆ. ತಾಯಿ ಎದ್ದು ನಿಲ್ಲುವುದು ತಡವಾದಾಗ, ಅತ್ತೆ ಕರುವನ್ನು ವೆಂಕಿಯ ಹಸುವಿನ ಕೆಚ್ಚಲಿಗೆ ಬಿಟ್ಟರು. ಯಾವ ಮನೆಯದು, ಯಾವ ಬಣ್ಣದ್ದು ಎಂದು ಕೇಳದೆ ಬಾಯಿ ಹಾಕಿ ಕುಡಿಯಿತು. ನಿಮ್ಮ ಇಂಜಿನಿಯರುಗಳನ್ನು ನೋಡಲು ಕಳಿಸಬಹುದು.